ಒಂದೇ ಮುದ್ದೆಯ ಮೇಷ್ಟ್ರು

ಅವರು ಸ್ಟಾಫ್ ರೂಮಿಗೆ ಕಾಲಿಟ್ಟರೆ ನಾವೆಲ್ಲ ಕೈ ಮುಷ್ಟಿ ಮಾಡಿಕೊಳ್ಳುತ್ತಿದ್ದೆವು. ಗೌರವಕ್ಕಲ್ಲ, ಬೆರಳು ಉಳಿಸಿಕೊಳ್ಳುವುದಕ್ಕೆ. ಅವರ ಜೇಬಿನಲ್ಲಿ ಪೆನ್ನಿನ ಪಕ್ಕ ಸದಾ ಒಂದು ಶುಗರ್ ಮಿಷನ್ನು ಇರುತ್ತಿತ್ತು. ಊಟವಾಗಿ ಎರಡು ಗಂಟೆ ಕಳೆದವರು ಯಾರು ಸುಮ್ಮನೆ ಕೂತಿದ್ದಾರೆ ಎಂದು ಹುಡುಕಿಕೊಂಡು ಬರುವರು. "ಹೊಸ ಸೂಜಿ ಕಣಯ್ಯ, ಒಬ್ಬರಿಗೆ ಚುಚ್ಚಿದ್ದನ್ನ ಇನ್ನೊಬ್ಬರಿಗೆ ಚುಚ್ಚಲ್ಲ. ಇರುವೆ ಕಚ್ಚಿದಂಗಾಗುತ್ತೆ ಅಷ್ಟೆ." ನಮ್ಮ ಹೆಡ್‌ಮಾಸ್ಟರಂತೂ ಅವರ ಚಪ್ಪಲಿ ಸದ್ದು ಕೇಳಿದ್ದೇ ತಡ, ಫೋನು ಕಿವಿಗಿಟ್ಟುಕೊಂಡು "ಹ್ಞೂ ಸಾರ್, ಆಗ್ಲಿ ಸಾರ್" ಎನ್ನುತ್ತಾ ಮೇಲಧಿಕಾರಿಗಳ ಜೊತೆ ಮಾತಾಡುವವರಂತೆ ವರಾಂಡಕ್ಕೆ ಹೋಗಿಬಿಡುತ್ತಿದ್ದರು. ಒಂದು ದಿನ ಹಾಗೆ ಮಾತಾಡುತ್ತಿರುವಾಗಲೇ ಕಿವಿಗಿಟ್ಟ ಫೋನು ರಿಂಗಾಯಿತು. ಅವತ್ತು ಅವರ ಶುಗರು ನೂರ ಮೂವತ್ತೆಂಟು ಇತ್ತು.

ನಾನು ನಿಟ್ಟೂರಿನಿಂದಾಚೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಅವರು ಅಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದರು. ನನಗಿಂತ ಹದಿನೆಂಟು ವರ್ಷ ಹಿರಿಯರು. ಹುಟ್ಟೂರು ಕುಣಿಗಲ್ ಕಡೆ, ಬಾಡಿಗೆ ಮನೆ ಗುಬ್ಬಿಯಲ್ಲಿ. ರಿಟೈರಾಗಿ ಮೂರು ವರ್ಷವಾಯಿತು, ಈಗ ಗಂಡ ಹೆಂಡತಿ ಇಬ್ಬರೂ ಕುಣಿಗಲ್ಲಿನಲ್ಲೇ ನೆಲೆಸಿದ್ದಾರೆ. ಹೋದ ತಿಂಗಳು ಸ್ಟಾಫ್ ರೂಮಿನ ಹಳೆಯ ಬೀರು ಖಾಲಿ ಮಾಡುವಾಗ ತಳದಲ್ಲಿ ಅವರ ಲಾಂಗ್ ನೋಟ್‌ಬುಕ್ಕೊಂದು ಸಿಕ್ಕಿತು. ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ "ಪಥ್ಯಗಳ ತುಲನಾತ್ಮಕ ಅಧ್ಯಯನ" ಎಂದು ಬರೆದು ಎರಡು ಗೆರೆ ಎಳೆದಿದ್ದರು. ನಾನು ಪೀರಿಯಡ್ಡಿನ ಬೆಲ್ಲು ಹೊಡೆದದ್ದೂ ಕೇಳಿಸದೆ ಅದನ್ನೇ ಓದುತ್ತಾ ಕೂತುಬಿಟ್ಟೆ.

"ಅಭಿಪ್ರಾಯ ಬೇಡ, ಅಂಕಿ ಹೇಳು" ಎನ್ನುವುದು ಅವರ ಮಾತು. "ಭಾರಿ ಸೆಕೆ ಸಾರ್ ಇವತ್ತು" ಎಂದರೆ "ಎಷ್ಟು ಡಿಗ್ರಿ?" ಎನ್ನುವರು. "ಬಸ್ಸು ತುಂಬಾ ಲೇಟು" ಎಂದರೆ "ಎಷ್ಟು ನಿಮಿಷ?" ನನ್ನ ಮದುವೆಯ ಫೋಟೋ ತೋರಿಸಿದಾಗ ಎಲ್ಲರೂ ಜೋಡಿ ಚೆನ್ನಾಗಿದೆ ಎಂದರೆ, ಇವರು ಕನ್ನಡಕ ಸರಿಮಾಡಿಕೊಂಡು "ಹತ್ತಕ್ಕೆ ಏಳು ಕೊಡಬಹುದು" ಎಂದರು. ಆ ಮೂರು ಮಾರ್ಕ್ಸು ಯಾರ ಕಡೆಯಿಂದ ಹೋಯಿತು ಎಂದು ನನ್ನ ಹೆಂಡತಿ ಇವತ್ತಿಗೂ ಕೇಳುತ್ತಾಳೆ. ಆದರೆ ಪಾಠಕ್ಕೆ ನಿಂತರೆ ಮಾತ್ರ ಅವರ ಮುಂದೆ ನಾವ್ಯಾರೂ ಇಲ್ಲ. ಬೋರ್ಡಿನ ಮೇಲೆ ಹೃದಯದ ಚಿತ್ರ ಬರೆದರೆ ಅದು ಬಡಿದುಕೊಳ್ಳುತ್ತಿದೆಯೇನೋ ಅನ್ನಿಸುತ್ತಿತ್ತು. ನನಗೆ ಅವರ ಮೇಲೆ ಹೊಟ್ಟೆಕಿಚ್ಚಿತ್ತು, ಮುಚ್ಚಿಡುವುದೇನು.

ಅಂಥವರ ಕಣ್ಣಿಗೇ ಕಷ್ಟ ಬಂತು. ಎಡಗಣ್ಣು ಚಿಕ್ಕಂದಿನಲ್ಲಿ ಚಿನ್ನಿದಾಂಡು ಆಡುವಾಗಲೇ ಏಟು ಬಿದ್ದು ಹೋಗಿತ್ತು, ಇದ್ದದ್ದು ಬಲಗಣ್ಣೊಂದೇ. ಅದಕ್ಕೆ ಪೊರೆ ಬಂತು. ತುಮಕೂರಿನ ಕಣ್ಣಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ನೋಡಿದರೆ ಊಟವಾದ ಮೇಲಿನ ಶುಗರು ಮುನ್ನೂರರ ಹತ್ತಿರ! "ಮೇಷ್ಟ್ರೇ, ಇಷ್ಟಿಟ್ಕೊಂಡು ನಾನು ಕೈ ಹಾಕಲ್ಲ. ಇನ್‌ಫೆಕ್ಷನ್ ಆದ್ರೆ ಇರೋ ಒಂದು ಕಣ್ಣೂ ಹೋಗುತ್ತೆ. ಇನ್ನೂರರ ಒಳಗೆ ಇಳಿಸ್ಕೊಂಡು ಬನ್ನಿ" ಎಂದು ಕಳಿಸಿಬಿಟ್ಟರು. ಅವತ್ತಿನಿಂದ ಅವರು ಸ್ಕೂಟರು ಬಿಟ್ಟು, ಗುಬ್ಬಿಯ ಇನ್ನೊಂದು ತುದಿಯಿಂದ ಹೊರಡುತ್ತಿದ್ದ ನನ್ನ ಬೈಕಿನ ಹಿಂದೆ ಕೂತು ಸ್ಕೂಲಿಗೆ ಬರತೊಡಗಿದರು. ಕಣ್ಣಿನ ವಿಷಯ ಹೆಡ್‌ಮಾಸ್ಟರಿಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡರು. ಸರ್ವೀಸು ಇನ್ನೂ ಎರಡೂವರೆ ವರ್ಷ ಇತ್ತು, ಬೋರ್ಡಿನಿಂದ ಎಬ್ಬಿಸಿ ಆಫೀಸಿನಲ್ಲಿ ಕೂರಿಸಿಬಿಟ್ಟಾರು ಎಂಬ ಭಯ ಅವರಿಗೆ.

ಶುಗರಿಗೆ ಬೇರೆ ಡಾಕ್ಟರು, ಅದೇ ರಸ್ತೆಯಲ್ಲಿ ನಾಲ್ಕು ಬಾಗಿಲು ಆಚೆ. ಅವರು ಮಾತ್ರೆ ಬರೆದು, ಸಿಹಿ ಬೇಡ, ದಿನಾ ನಡೆಯಿರಿ ಎಂದರು. ನಮ್ಮವರು ಕೇಳಿದ್ದು ಒಂದೇ ಪ್ರಶ್ನೆ.

"ರಾತ್ರಿ ಮುದ್ದೆ ತಿನ್ನಬಹುದಾ ಸಾರ್?"

"ತಿನ್ನಿ, ಏನೂ ತೊಂದರೆ ಇಲ್ಲ. ಆದ್ರೆ ಒಂದು. ಒಂದೇ ಒಂದು."

"ಆಯ್ತು ಸಾರ್. ಒಂದು" ಎಂದು ಇವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಪಕ್ಕದಲ್ಲಿ ಕೂತಿದ್ದ ನಾನೇ ಸಾಕ್ಷಿ. ಆ ಶುಗರ್ ಮಿಷನ್ನನ್ನು ಅವರು ಕೊಂಡದ್ದೂ ಅವತ್ತೇ.

ಶುಗರ್ ಬಂದಿದೆ ಎಂದು ಗೊತ್ತಾದ ಮೇಲೆ ನಮ್ಮ ಸ್ಟಾಫ್ ರೂಮಿನಲ್ಲಿ ಪಾಠದ ಮಾತೇ ನಿಂತುಹೋಯಿತು. ಸಮಾಜದ ಮೇಷ್ಟ್ರು ಚಪಾತಿ ಪಕ್ಷ, ಪಿಟಿ ಮೇಷ್ಟ್ರು ರಾಗಿ ಪಕ್ಷ. "ಮೂರು ಹೊತ್ತೂ ರಾಗಿ ತಿನ್ನಿ ಸಾರ್. ನಮ್ಮಪ್ಪ ಎಂಬತ್ತೈದರವರೆಗೂ ಗುಂಡುಕಲ್ಲಿನಂಗಿದ್ರು" ಎಂದರು ಪಿಟಿ ಮೇಷ್ಟ್ರು.

"ನಿಮ್ಮಪ್ಪ ಬೆಳಗೆದ್ದು ಹೊಲ ಉಳ್ತಿದ್ರು. ನೀವೇನ್ರೀ ಉಳ್ತೀರಿ? ಸೀಟಿ ಊದೋದು ಉಳುಮೆ ಅಲ್ಲ" ಎಂದು ಸಮಾಜದ ಮೇಷ್ಟ್ರು ತಿರುಗಿಬಿದ್ದರು.

ಊರ್ಡಿಗೆರೆಯಲ್ಲಿ ಬೇಸಾಯ ಮಾಡುವ ನಮ್ಮ ವಿಜ್ಞಾನದ ಮೇಷ್ಟ್ರ ಭಾವಮೈದ ಸಿರಿಧಾನ್ಯ ಪಕ್ಷ. ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿದ್ದ ಅಕ್ಕನ ಮಗ ಜಿಮ್ಮಿಗೆ ಹೋಗುವವನು, ಅವನದು ಕೀಟೋ. ಯಾರನ್ನು ನಂಬುವುದು? ಮೇಷ್ಟ್ರು ಯಾರನ್ನೂ ನಂಬಲಿಲ್ಲ. ಒಂದೊಂದು ತಿಂಗಳು ಒಂದೊಂದು ಪಥ್ಯ, ಬದಲಾಗುವುದು ಬೆಳಗಿನ ತಿಂಡಿ ಮತ್ತು ಮಧ್ಯಾಹ್ನದ ಊಟ ಮಾತ್ರ. ಮಾತ್ರೆ, ನಿದ್ದೆ, ರಾತ್ರಿ ಊಟ ಎಲ್ಲ ಸ್ಥಿರ. "ಪ್ರಯೋಗ ಅಂದ್ರೆ ಒಂದು ಸಲಕ್ಕೆ ಒಂದನ್ನೇ ಅಲ್ಲಾಡಿಸ್ಬೇಕು ಕಣಯ್ಯ. ಎಲ್ಲಾನೂ ಅಲ್ಲಾಡಿಸಿದ್ರೆ ಅದು ಪ್ರಯೋಗ ಅಲ್ಲ, ಜ್ವರ" ಎಂದು ನನಗೆ ವಿವರಿಸಿದರು. ಹಾಗಾಗಿ ನೋಟ್‌ಬುಕ್ಕಿನ ಪ್ರತಿ ದಿನದ ಕೊನೆಯ ಸಾಲು ಒಂದೇ: "ರಾತ್ರಿ ಏಳೂಕಾಲು. ಮುದ್ದೆ ಒಂದು, ಸೊಪ್ಪಿನ ಸಾರು."

ನನಗೂ ಅದರಲ್ಲಿ ಒಂದು ಹುದ್ದೆ ಕೊಟ್ಟರು. ಯಾವ ಪಥ್ಯವನ್ನೂ ಮಾಡದ ಒಬ್ಬ ಮನುಷ್ಯನ ಶುಗರನ್ನೂ ಜೊತೆಜೊತೆಗೆ ಅಳೆಯಬೇಕಂತೆ. "ನೀನು ಏನೂ ಬದಲಾಯಿಸ್ಬೇಡ. ಬೆಳಿಗ್ಗೆ ಚಿತ್ರಾನ್ನ, ಹನ್ನೊಂದಕ್ಕೆ ಬೋಂಡ, ಸಾಯಂಕಾಲ ಕಾರಾಬೂಂದಿ, ಏನ್ ತಿಂತೀಯೋ ಅದನ್ನೇ ತಿಂತಾ ಇರು. ವಿಜ್ಞಾನಕ್ಕೆ ನಿನ್ನಂಥೋರೂ ಬೇಕು." ನನ್ನ ಬದುಕಿನಲ್ಲಿ ಬೋಂಡ ತಿಂದದ್ದಕ್ಕೆ ಯಾರಾದರೂ ಬೆನ್ನು ತಟ್ಟಿದ್ದರೆ ಅದು ಅವರೊಬ್ಬರೇ.

ಚಪಾತಿ ತಿಂಗಳು ಮುಗಿಯಿತು, ಶುಗರು ಇನ್ನೂರ ಐವತ್ತಾರು. ಷರಾ ಕಾಲಮ್ಮಿನಲ್ಲಿ "ದವಡೆ ನೋವು" ಎಂದಿದೆ. ಸಿರಿಧಾನ್ಯದ ತಿಂಗಳಿಗೆ ಊರ್ಡಿಗೆರೆಯಿಂದ ನವಣೆ, ಸಾಮೆ ಒಂದೊಂದು ಚೀಲ ಬಂತು. ನವಣೆ ಉಪ್ಪಿಟ್ಟು, ನವಣೆ ಬಿಸಿಬೇಳೆ ಬಾತ್, ನವಣೆ ಮೊಸರನ್ನ. "ಇನ್ನೊಂದು ವಾರ ತಿಂದ್ರೆ ರೆಕ್ಕೆ ಬಂದು ಹಾರ್ಹೋಗ್ತೀನಿ ಕಣಯ್ಯ" ಎಂದರು. ಇನ್ನೂರ ನಲವತ್ತೊಂದು. ಕೀಟೋ ತಿಂಗಳಲ್ಲಿ ಮೊಟ್ಟೆ, ಬೆಣ್ಣೆ, ಪನ್ನೀರು, ಹಸಿ ಕಾಯಿ. ಅಂತರಸನಹಳ್ಳಿಯ ಹುಡುಗ ಬಂದು ನೋಡಿ ತಲೆ ಚಚ್ಚಿಕೊಂಡ.

"ಮಾಮ, ಕೀಟೋ ಅಂದ್ರೆ ಧಾನ್ಯ ಮುಟ್ಟಂಗಿಲ್ಲ. ರಾತ್ರಿ ಮುದ್ದೆ ಬುಡು."

"ಮುದ್ದೆ ಸ್ಥಿರಾಂಕ ಕಣೋ. ಅದನ್ನ ಬಿಟ್ರೆ ಪ್ರಯೋಗಾನೇ ಕೆಟ್ಟೋಗುತ್ತೆ."

"ಮುದ್ದೆ ತಿಂದ್ರೆ ಅದು ಕೀಟೋ ಅಲ್ಲ ಮಾಮ, ಬರೀ ಬಾಡೂಟ."

ಇನ್ನೂರ ಅರವತ್ತು. ಆಮೇಲೆ ಉಪವಾಸದ ತಿಂಗಳು. ಮಧ್ಯಾಹ್ನ ಹನ್ನೆರಡರವರೆಗೆ ಬರೀ ನೀರು. ಆ ತಿಂಗಳು ಅವರು ತಿದ್ದಿದ ಕಿರುಪರೀಕ್ಷೆಯಲ್ಲಿ ಒಂಬತ್ತನೇ ಕ್ಲಾಸಿಗೆ ಕ್ಲಾಸೇ ಫೇಲಾಯಿತು. ಇನ್ನೂರ ಇಪ್ಪತ್ತೆಂಟು. ಹಾಗಲಕಾಯಿ ರಸದ ತಿಂಗಳಂತೂ ನಮಗೆಲ್ಲ ಒಂದೊಂದು ಲೋಟ ಕುಡಿಸಿ ಮುಖ ನೋಡಿದರು. ಸಮಾಜದ ಮೇಷ್ಟ್ರ ಮುಖ ಸಂಜೆಯವರೆಗೂ ಸರಿಹೋಗಲಿಲ್ಲ. ಇನ್ನೂರ ಮೂವತ್ತು. ಪಿಟಿ ಮೇಷ್ಟ್ರ ರಾಗಿ ತಿಂಗಳೂ ಸೇರಿ ಇನ್ನೂ ಮೂರು ಪಥ್ಯ ಮುಗಿದವು, ಯಾವುದೂ ಇನ್ನೂರರ ಒಳಗೆ ಇಳಿಸಲಿಲ್ಲ.

ಇಷ್ಟೆಲ್ಲ ನಗುತ್ತಲೇ ನಡೆಯುತ್ತಿತ್ತು, ಆದರೆ ಕಣ್ಣು ಕಾಯುತ್ತಿರಲಿಲ್ಲ. ಪೊರೆ ಬಲಿಯುತ್ತಿತ್ತು. ಒಂದು ದಿನ ಹತ್ತನೇ ಕ್ಲಾಸಿನ ಮುಂದೆ ಹಾದುಹೋಗುವಾಗ ನೋಡಿದೆ. ಹಿಂದಿನ ಪೀರಿಯಡ್ಡಿನ ಲೆಕ್ಕ ಬೋರ್ಡಿನ ಮೇಲೆ ಹಾಗೇ ಇದೆ, ಮೇಷ್ಟ್ರು ಅದರ ಮೇಲೆಯೇ ಮನುಷ್ಯನ ಕಿಡ್ನಿ ಬರೆಯುತ್ತಿದ್ದಾರೆ. ಒಂದು ಮಗುವೂ ನಗಲಿಲ್ಲ. ಮುಂದಿನ ಬೆಂಚಿನ ಹುಡುಗಿ ಎದ್ದು "ಸಾರ್, ನಾನು ಬೋರ್ಡು ಒರೆಸಿಕೊಡ್ಲಾ?" ಎಂದಳು. ಅವರು ಡಸ್ಟರು ಕೊಟ್ಟು ಗೋಡೆಗೆ ಒರಗಿ ನಿಂತರು. ಅಷ್ಟು ದಿನ ಹೊಟ್ಟೆಕಿಚ್ಚು ಪಟ್ಟದ್ದಕ್ಕೆ ನನ್ನನ್ನು ನಾನೇ ಬೈದುಕೊಂಡೆ. ಅವತ್ತು ಸಂಜೆ ಬೈಕಿನ ಮೇಲೆ ಅವರು, "ಕಣ್ಣಿನ ಡಾಕ್ಟ್ರು ಇನ್ನು ಎರಡು ತಿಂಗಳು ಅಂದವ್ರೆ. ಆಮೇಲೆ ಆಪರೇಷನ್ ಮಾಡಿದ್ರೂ ಕಷ್ಟವಂತೆ. ಯಾವ ಪಥ್ಯ ಬಾಕಿ ಇದೆ ಹೇಳಯ್ಯ" ಎಂದರು.

ಅದರ ಮರುವಾರ ಮಳೆಗೆ ಸಿಕ್ಕಿಕೊಂಡು ನಾನು ಅವರ ಮನೆಯಲ್ಲೇ ಉಳಿಯಬೇಕಾಯಿತು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಮಾತು ಕಡಿಮೆ, ಕೈ ಧಾರಾಳ. ಏಳೂಕಾಲಿಗೆ ಸರಿಯಾಗಿ ತಟ್ಟೆ ಹಾಕಿದರು. ನನ್ನ ತಟ್ಟೆಗೆ ಮುದ್ದೆ ಬಂತು, ನಮ್ಮ ಮನೆಯಲ್ಲಿ ಮಾಡುವಷ್ಟೇ ಇತ್ತು. ಆಮೇಲೆ ಮೇಷ್ಟ್ರ ತಟ್ಟೆಗೆ ಮುದ್ದೆ ಇಟ್ಟರು. ತಟ್ಟೆ ದಡ್ ಎಂದಿತು. ನೋಡಿದರೆ, ಅಬ್ಬಾ! ಸುಲಿದ ತೆಂಗಿನಕಾಯಿಯಷ್ಟು ದಪ್ಪ, ಸಾರಿಗೆ ಜಾಗವಿಲ್ಲದೆ ಬಟ್ಟಲಲ್ಲಿ ಬೇರೆ ಕೊಟ್ಟಿದ್ದಾರೆ.

"ಸಾರ್, ಇದು ಒಂದಾ?" ಎಂದೆ.

"ಒಂದೇ. ಬೇಕಾದ್ರೆ ಎಣಿಸ್ಕೊ."

ಅಕ್ಕ ಸೌಟು ಹಿಡಿದುಕೊಂಡು ನಿಂತಲ್ಲೇ ಹೇಳಿದರು: "ಮೊದ್ಲು ಮೂರು ತಿಂತಿದ್ರು ತಮ್ಮಾ. ಡಾಕ್ಟ್ರು ಒಂದೇ ಅಂದ್ಬುಟ್ರು. ಗಂಡಸು, ದಿನವೆಲ್ಲ ನಿಂತ್ಕೊಂಡು ಪಾಠ ಮಾಡೋರು, ಒಂದು ಮುದ್ದೆ ಯಾವ ಮೂಲೆಗಾದೀತು? ಅದಕ್ಕೆ ಒಂದನ್ನೇ ಸ್ವಲ್ಪ ದೊಡ್ಡದಾಗಿ ಕಟ್ತೀನಿ. ಡಾಕ್ಟ್ರ ಮಾತು ಮೀರಿಲ್ಲ."

ಮೇಷ್ಟ್ರು ತಟ್ಟೆಯನ್ನು ಮುಖದ ಹತ್ತಿರ ಎತ್ತಿಕೊಂಡು ಬಲಗಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದರು. ಆಮೇಲೆ ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು. "ಎಂಟು ತಿಂಗಳು ಕಣಯ್ಯ! ನವಣೆ ತಪ್ಪಿತಸ್ಥ, ಚಪಾತಿ ತಪ್ಪಿತಸ್ಥ ಅಂತ ಒಂದೊಂದನ್ನೇ ಕಟಕಟೆಗೆ ಹತ್ತಿಸಿದೆ. ಸ್ಥಿರಾಂಕನೇ ಕಳ್ಳ!"

"ನಿಮಗೆ ಗೊತ್ತೇ ಆಗಲಿಲ್ವಾ ಸಾರ್?"

ಅವರು ಸ್ವಲ್ಪ ನಾಚಿದರು. "ಕಣ್ಣಿಗೆ ಮಂಜು, ಕೈಗೇನು ಮಂಜೇ? ಮುರಿಯುವಾಗ ಗೊತ್ತಾಗ್ತಿತ್ತು. ಆದ್ರೆ ಒಂದು ಅಂತ ಬರೆದ್ರೆ ಸುಳ್ಳಲ್ವಲ್ಲ."

ಬೇರೆಯವರಾಗಿದ್ದರೆ ಅಲ್ಲಿಗೆ ಮುದ್ದೆ ಮುರಿದು ಅರ್ಧ ಎತ್ತಿಡುತ್ತಿದ್ದರು. ಇವರು ಮುಟ್ಟಲಿಲ್ಲ. ಇಡೀ ಮುದ್ದೆಯನ್ನು ಟಿಫನ್ ಕ್ಯಾರಿಯರಿನಲ್ಲಿಟ್ಟು, ಮಾರನೆಯ ದಿನ ರಜೆ ಹಾಕಿಸಿ ನನ್ನನ್ನೂ ಎಳೆದುಕೊಂಡು ತುಮಕೂರಿಗೆ ಹೊರಟರು. ಶುಗರ್ ಡಾಕ್ಟರ ಟೇಬಲ್ಲಿನ ಮೇಲೆ ಕ್ಯಾರಿಯರು ಬಿಚ್ಚಿ, "ಸಾರ್, ನೀವು ಅವತ್ತು ಹೇಳಿದ ಒಂದು, ಇದೇನಾ?" ಎಂದು ಕೇಳಿದರು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು ಹಾಕಿ ನೋಡಿದರು. ಬೆಲ್ಲು ಒತ್ತಿ ನರ್ಸನ್ನೂ ಕರೆದು ತೋರಿಸಿದರು. ರಾತ್ರಿಯೆಲ್ಲ ಕೂತು ಮುದ್ದೆ ಕಲ್ಲಾಗಿತ್ತು, ಬೆರಳಲ್ಲಿ ತಟ್ಟಿದರೆ ಟಕ್ ಟಕ್ ಎಂದಿತು.

"ತಪ್ಪು ನಂದೇ ಮೇಷ್ಟ್ರೇ," ಎಂದರು ಡಾಕ್ಟರು ನಗು ತಡೆದುಕೊಂಡು. "ತುಮಕೂರು ಜಿಲ್ಲೇಲಿ ಕೂತು ಮುದ್ದೆ ಲೆಕ್ಕ ಹೇಳ್ಬಾರ್ದಿತ್ತು. ರಾಗಿಯೋ, ಗೋಧಿಯೋ, ನವಣೆಯೋ, ಯಾವುದಾದ್ರೂ ತಿನ್ನಿ, ಇಷ್ಟು" ಎಂದು ತಮ್ಮ ಮುಷ್ಟಿ ತೋರಿಸಿದರು. "ಮಿಕ್ಕ ಹೊಟ್ಟೆಗೆ ಸೊಪ್ಪು, ತರಕಾರಿ, ಕಾಳು. ಊಟ ಆದ್ಮೇಲೆ ನಡೀರಿ. ಮಾತ್ರೆ ಬಿಡ್ಬೇಡಿ."

ಮೇಷ್ಟ್ರು ಅವರ ಮುಷ್ಟಿಯ ಸುತ್ತಳತೆಯನ್ನು ದಾರದಿಂದ ಅಳೆದುಕೊಂಡೇ ಎದ್ದರು. ಆ ದಾರ ಗುಬ್ಬಿಯ ಮನೆಯ ಅಡುಗೆಮನೆಯಲ್ಲಿ ಮೊಳೆಗೆ ತೂಗಿತು. ಅಕ್ಕ ಮುದ್ದೆಗೆ ದಾರ ಸುತ್ತಿ ನೋಡುವಾಗ ಕಣ್ಣೀರು ಹಾಕಿದರಂತೆ. ಆದರೆ ಕಟ್ಟಿದರು. ಊಟವಾದ ಮೇಲೆ ಮೇಷ್ಟ್ರು ನನ್ನ ಕೈ ಹಿಡಿದುಕೊಂಡು ಗುಬ್ಬಿಯ ರಸ್ತೆಯಲ್ಲಿ ಹೆಜ್ಜೆ ಎಣಿಸುತ್ತಾ ನಡೆಯುತ್ತಿದ್ದರು. ಆರು ವಾರಕ್ಕೆ ನೂರ ಎಪ್ಪತ್ತನಾಲ್ಕು. ಅವತ್ತು ಸ್ಟಾಫ್ ರೂಮಿನಲ್ಲಿ ಎಲ್ಲರೂ ತಾವಾಗಿಯೇ ಬೆರಳು ಚಾಚಿದರು. ಕಣ್ಣಿನ ಡಾಕ್ಟರು ತಡಮಾಡದೆ ಆಪರೇಷನ್ ಮುಗಿಸಿದರು.

ಮಾರನೆಯ ಬೆಳಿಗ್ಗೆ ಪಟ್ಟಿ ಬಿಚ್ಚುವಾಗ ನಾನೂ ಅಕ್ಕನೂ ಎದುರಿಗಿದ್ದೆವು. "ಹತ್ತು ದಿನ ಕಣ್ಣಿಗೆ ನೀರು ಸೋಕಬಾರದು, ಮುಟ್ಟಬಾರದು, ಒರೆಸಬಾರದು" ಎಂದು ಹೇಳಿ ಕಣ್ಣಿನ ಡಾಕ್ಟರು ಕಪ್ಪು ಕನ್ನಡಕ ಕೊಟ್ಟು ಹೋದರು. ಮೇಷ್ಟ್ರು ಕನ್ನಡಕ ಹಾಕಿಕೊಳ್ಳುವ ಮೊದಲು ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರವನ್ನೆಲ್ಲ ಜೋರಾಗಿ ಓದಿದರು. ರಾಹುಕಾಲವನ್ನೂ ಬಿಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಏನಯ್ಯ, ಇಷ್ಟೊಂದು ಬಿಳಿಕೂದಲು ಯಾವಾಗ ಬಂತು ನಿಂಗೆ?" ಎಂದರು. ನನಗೆ ಬೇಜಾರಾಯಿತು, ಖುಷಿಯೂ ಆಯಿತು. ಆಮೇಲೆ ಹೆಂಡತಿಯನ್ನು ನೋಡಿದರು. ನೋಡುತ್ತಲೇ ಇದ್ದರು.

"ಯಾಕೆ ಬಳೆ ಮೊಣಕೈಗೆ ಜಾರ್ತಾವೆ?"

"ವಯಸ್ಸಾಗಲ್ವೇನ್ರೀ" ಎಂದು ಅಕ್ಕ ನೀರಿನ ಬಾಟಲು ಎತ್ತಿ ಪೂರ್ತಿ ಕುಡಿದರು.

"ಬೆಳಿಗ್ಗೆಯಿಂದ ಇದು ಎಷ್ಟನೇದು?"

"ಸೆಕೆ ಅಲ್ವಾ."

ಮೇಷ್ಟ್ರು ಜೇಬಿಗೆ ಕೈ ಹಾಕಿ ಶುಗರ್ ಮಿಷನ್ನು ತೆಗೆದರು. ಅಕ್ಕ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು "ನನಗ್ಯಾಕ್ರೀ ಅದೆಲ್ಲ" ಎಂದರು. ಆಗಲೇ ನನಗೂ ಹೊಳೆದದ್ದು. ಹೆಡ್‌ಮಾಸ್ಟರಿಗೆ ಚುಚ್ಚಿದ್ದರು, ಬಿಸಿಯೂಟದ ಅಡುಗೆಯವರಿಗೆ ಚುಚ್ಚಿದ್ದರು, ಒಂದು ಸಲ ಗುಬ್ಬಿ ಬಸ್ಸಿನ ಕಂಡಕ್ಟರನ್ನೂ ಬಿಟ್ಟಿರಲಿಲ್ಲ. ಮನೆಯೊಳಗೆ ಇದ್ದ ಈ ಒಂದು ಬೆರಳನ್ನು ಒಂದು ಸಲವೂ ಮುಟ್ಟಿರಲಿಲ್ಲ. ಮಿಷನ್ನು ಮುನ್ನೂರ ಎಪ್ಪತ್ತೆರಡು ತೋರಿಸಿತು.

"ಮಿಷನ್ನು ಕೆಟ್ಟಿದೆ" ಎಂದರು. ಅವರು ಆ ಮಿಷನ್ನನ್ನು ಅನುಮಾನಿಸಿದ್ದನ್ನು ನಾನು ಅದೇ ಮೊದಲು ಕಂಡದ್ದು. ತಮ್ಮ ಬೆರಳಿಗೆ ಚುಚ್ಚಿಕೊಂಡರು, ನೂರ ಐವತ್ತೊಂದು. ಹೊಸ ಸೂಜಿ ತೆಗೆದು ಅಕ್ಕನ ಇನ್ನೊಂದು ಬೆರಳು ಹಿಡಿದರು, ಮುನ್ನೂರ ಅರವತ್ತೊಂಬತ್ತು. ಅಂಕಿ ಹೇಳು ಎನ್ನುತ್ತಿದ್ದ ಮನುಷ್ಯನ ಬಾಯಿಂದ ಆ ಅಂಕಿ ಹೊರಡಲಿಲ್ಲ.

ಅಲ್ಲಿಂದ ನೇರ ನಾಲ್ಕು ಬಾಗಿಲು ಆಚೆಗೆ ಹೋದೆವು. ಕೌಂಟರಿನ ಹುಡುಗಿ ಅಭ್ಯಾಸಬಲದಿಂದ ಅವರ ಹೆಸರೇ ಬರೆಯಹೋದಳು. "ನಂದಲ್ಲಮ್ಮ, ಇವರದ್ದು" ಎಂದು ಹೆಂಡತಿಯ ಹೆಸರು ಹೇಳಿದರು. ಒಳಗೆ ಡಾಕ್ಟರು ಅಕ್ಕನ ನಾಡಿ, ಕಾಲು, ಕಣ್ಣು ಎಲ್ಲ ನೋಡಿ, "ದಿನಾ ಏನೇನ್ ತಿಂತೀರಮ್ಮ?" ಎಂದು ಕೇಳಿದರು.

ಮೇಷ್ಟ್ರು ಉತ್ತರ ಹೇಳಲು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡರು.

"ಏನಿದೆ ಸಾರ್, ಇವ್ರು ಬಿಟ್ಟಿದ್ದು," ಎಂದರು ಅಕ್ಕ. "ಚಪಾತಿ ತಿಂಗ್ಳು ಇವ್ರು ಅನ್ನ ಬಿಟ್ರು, ಅನ್ನ ನಾನ್ ತಿಂದೆ. ನವಣೆ ಬಾಯಿಗೆ ಸೇರ್ದೆ ಮಿಗಿಸೋರು, ಅದನ್ನೂ ತಿಂದೆ. ಬೆಣ್ಣೆ ಮಿಕ್ತು. ಹಬ್ಬಕ್ಕೆ ಮಾಡಿದ ಒಬ್ಬಟ್ಟು ಇವ್ರು ಮುಟ್ಟಲಿಲ್ಲ. ನೆಂಟ್ರು ತಂದ ಬಾಳೆಹಣ್ಣು ಕೊಳೀತಿತ್ತು. ಬಿಸಾಕೋಕಾಗುತ್ತಾ ಸಾರ್? ಈಗ ಮುದ್ದೆ ಸಣ್ಣದಾದ್ಮೇಲೆ ಕೈ ಅಳತೆ ತಪ್ಪಿ ಹಿಟ್ಟು ದಿನಾ ಮಿಗುತ್ತೆ. ಅದೂ ನನಗೇ."

"ಮೈ ಸರಿ ಇಲ್ಲ ಅಂತ ಇವರಿಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಇವ್ರ ಕಣ್ಣು ಮೊದ್ಲು ಆಗ್ಲಿ ಅಂತ ಇದ್ದೆ."

ಮೇಷ್ಟ್ರು ಕಪ್ಪು ಕನ್ನಡಕ ತೆಗೆದರು. ಆಪರೇಷನ್ನಾದ ಕಣ್ಣು ತುಂಬಿಕೊಂಡು ಕೆನ್ನೆಯ ಮೇಲೆ ಇಳಿಯಿತು. ಡಾಕ್ಟರು ಗಾಬರಿಯಾಗಿ ಕುರ್ಚಿಯಿಂದ ಎದ್ದರು. "ಮೇಷ್ಟ್ರೇ, ಮೇಷ್ಟ್ರೇ, ಅಳಬೇಡಿ! ಆ ಕಣ್ಣಿಗೆ ಇನ್ನೂ ಹತ್ತು ದಿನ ಅಳೋ ಹಂಗಿಲ್ಲ!" ಎಂದು ಕೂಗಿಕೊಂಡರು. ಅಷ್ಟರಲ್ಲಿ ಅಕ್ಕ ಸೆರಗು ಹಿಡಿದು ಅವರ ಕಣ್ಣು ಒರೆಸಲು ಹೋದರು. "ಮುಟ್ಟಬೇಡಿ ತಾಯೀ!" ಎಂದು ಡಾಕ್ಟರು ಇನ್ನೂ ಜೋರಾಗಿ ಕೂಗಿದರು. ಅಕ್ಕನ ಕೈ ಅರ್ಧಕ್ಕೆ ನಿಂತಿತು. ಮೇಷ್ಟ್ರು ಆ ಕೈಯನ್ನು ಹಿಡಿದುಕೊಂಡು, ಸೂಜಿ ಚುಚ್ಚಿದ ಎರಡು ಬೆರಳನ್ನು ನೋಡುತ್ತಾ ಕೂತರು.